ಮಿಕ್ಕಿಯ ನಾಲ್ಕು ಬೆರಳು, ಬೆಟ್ಟಿಯ ಕಿವಿಯೋಲೆ

ಮಿಕ್ಕಿ ಮೌಸ್‌ನ ಒಂದು ಕೈಯಲ್ಲಿ ಎಷ್ಟು ಬೆರಳು? ನಮ್ಮ ಮಹಿಳಾ ವೇದಿಕೆಯ ಕಳೆದ ಸಭೆ ಮುಗಿದು ಎಲ್ಲರೂ ಕಾಫಿ ಹಿಡಿದು ಕೂತಿದ್ದಾಗ ಸುಮ್ಮನೆ ಈ ಪ್ರಶ್ನೆ ಕೇಳಿದೆ. ಹೆಚ್ಚಿನವರು "ಐದು, ಇನ್ನೆಷ್ಟು?" ಅಂದರು. ಯಾರದೋ ಮಗುವಿನ ನೀರಿನ ಬಾಟಲಿ ಮೇಲೆ ಮಿಕ್ಕಿಯ ಚಿತ್ರವಿತ್ತು. ಎಣಿಸಿ ನೋಡಿದರೆ ಹೆಬ್ಬೆರಳೂ ಸೇರಿ ನಾಲ್ಕೇ. ಇಷ್ಟು ವರ್ಷ ನೋಡಿಯೂ ಗಮನಿಸಿರಲಿಲ್ಲವಲ್ಲ ಎಂದು ಎಲ್ಲರೂ ನಕ್ಕರು. ಇ-ಸಂಚಿಕೆಗೆ ಇದನ್ನೇ ಬರೆದುಕೊಡು ಎಂದು ಅಲ್ಲೇ ನನ್ನ ತಲೆಗೆ ಕಟ್ಟಿದರು.

ಕಾರ್ಟೂನ್ ಪಾತ್ರಗಳ ಚಾಳಿಗಳನ್ನು ಕೆದಕುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ಅವುಗಳಲ್ಲಿ ಬಹುಪಾಲು ಯಾರೋ ಕಲಾವಿದರಿಗೆ ತಟ್ಟನೆ ಹೊಳೆದ ತಮಾಷೆಗಳಲ್ಲ. ದುಡ್ಡು ಉಳಿಸಲು, ಸಮಯ ಉಳಿಸಲು, ಕೆಲವೊಮ್ಮೆ ಸೆನ್ಸಾರಿನಿಂದ ತಪ್ಪಿಸಿಕೊಳ್ಳಲು ಹುಟ್ಟಿಕೊಂಡವು. ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಆ ಪಾತ್ರಗಳಿಗೆ ಗೆರೆ ಎಳೆದವರು, ಬಣ್ಣ ತುಂಬಿದವರು, ದನಿ ಕೊಟ್ಟವರಲ್ಲಿ ತುಂಬಾ ಜನ ಹೆಂಗಸರು. ಅವರ ಹೆಸರು ಮಾತ್ರ ಪರದೆಯ ಮೇಲೆ ಬರಲಿಲ್ಲ.

ಮೊದಲು ಬೆರಳಿನ ಲೆಕ್ಕ ಮುಗಿಸೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಏಳು ನಿಮಿಷದ ಕಾರ್ಟೂನಿಗೆ ಸುಮಾರು 5,000 ಚಿತ್ರಗಳಾದವು. ಎರಡೂ ಕೈಯಿಂದ ಒಂದೊಂದು ಬೆರಳು ಕಡಿಮೆ ಮಾಡಿದರೆ ಹತ್ತು ಸಾವಿರ ಬೆರಳು ಉಳಿತಾಯ! ಜೊತೆಗೆ ಅಷ್ಟು ಪುಟ್ಟ ಇಲಿಗೆ ಐದು ಬೆರಳಿಟ್ಟರೆ ಕೈ ಬಾಳೆಹಣ್ಣಿನ ಚಿಪ್ಪಿನ ಹಾಗೆ ಕಾಣುತ್ತದೆ ಎಂದು ವಾಲ್ಟ್ ಡಿಸ್ನಿಯೇ ಹೇಳಿದ್ದರು.

ಕೈಗವಸಿನ ಕಥೆಯೂ ಇಂಥದ್ದೇ. 1928ರ ನವೆಂಬರ್ 18ರಂದು 'ಸ್ಟೀಮ್‌ಬೋಟ್ ವಿಲ್ಲಿ' ತೆರೆಕಂಡಾಗ ಮಿಕ್ಕಿಗೆ ಕೈಗವಸು ಇರಲಿಲ್ಲ. ಕಪ್ಪು ಮೈ, ಕಪ್ಪು ಕೈ. ಕೈಯನ್ನು ಎದೆಯ ಮುಂದೆ ತಂದರೆ ಕಪ್ಪಿನಲ್ಲಿ ಕಪ್ಪು ಬೆರೆತು ಮಾಯವಾಗುತ್ತಿತ್ತು. ಮರುವರ್ಷ 'ದಿ ಆಪ್ರಿ ಹೌಸ್' ಚಿತ್ರದಲ್ಲಿ ಬಿಳಿ ಕೈಗವಸು ಬಂತು, ಮತ್ತೆ ಹೋಗಲಿಲ್ಲ. ಮಿಕ್ಕಿಗಿಂತ ಮೊದಲು ಮನೆಮಾತಾಗಿದ್ದ ಫೀಲಿಕ್ಸ್ ಬೆಕ್ಕು ಪೂರ್ತಿ ಕಪ್ಪಾಗಿದ್ದುದಕ್ಕೂ ಕಾರಣ ಸೌಂದರ್ಯವಲ್ಲ. ಹತ್ತಾರು ಗೆರೆ ಎಳೆಯುವ ಬದಲು ಮಸಿ ತುಂಬಿಬಿಟ್ಟರೆ ಕೆಲಸ ಬೇಗ ಮುಗಿಯುತ್ತಿತ್ತು. ಆ ಬೆಕ್ಕನ್ನು 1919ರಿಂದ ಬರೆಯುತ್ತಿದ್ದ ಒಟ್ಟೊ ಮೆಸ್ಮರ್ ಅವರ ಹೆಸರು ದಶಕಗಟ್ಟಲೆ ಜನರಿಗೆ ಗೊತ್ತಿರಲಿಲ್ಲ, ಪರದೆಯ ಮೇಲೆ ಬರುತ್ತಿದ್ದುದು ಸ್ಟುಡಿಯೊ ಮಾಲೀಕ ಪ್ಯಾಟ್ ಸಲಿವನ್ ಹೆಸರು. ಹೆಸರು ಅಳಿಸಿಹೋದದ್ದು ಹೆಂಗಸರದ್ದು ಮಾತ್ರವಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಗಂಡಸರ ಹೆಸರು ಅಪರೂಪಕ್ಕೆ ಅಳಿಸಿತು, ಹೆಂಗಸರದ್ದು ಪದ್ಧತಿಯಂತೆ ಅಳಿಸಿತು.

ಈಗ ಆ ಬಿಳಿ ಕೈಗವಸಿನ ಹಿಂದೆಯೇ ಸ್ಟುಡಿಯೊ ಒಳಗೆ ಹೋಗೋಣ. ಅಲ್ಲಿ ನಿಜವಾಗಿಯೂ ಬಿಳಿ ಕೈಗವಸು ತೊಟ್ಟು ಕೆಲಸ ಮಾಡುವವರಿದ್ದರು. ಆನಿಮೇಟರ್ ಪೆನ್ಸಿಲಿನಲ್ಲಿ ಬರೆದ ಚಿತ್ರವನ್ನು 'ಸೆಲ್' ಎಂಬ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಇಂಕಿನಲ್ಲಿ ತಿದ್ದಬೇಕು. ಆಮೇಲೆ ಹಾಳೆಯನ್ನು ಮಗುಚಿ ಹಿಂಬದಿಯಿಂದ ಬಣ್ಣ ತುಂಬಬೇಕು. ಹಾಳೆಗೆ ಬೆರಳಚ್ಚು ತಗುಲಿದರೆ ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ, ಅದಕ್ಕೇ ತೆಳುವಾದ ಬಿಳಿ ಹತ್ತಿ ಗ್ಲೌಸ್. ಪೆನ್ನು, ಕುಂಚ ಹಿಡಿಯುವ ಬೆರಳುಗಳ ಕಡೆ ಮಾತ್ರ ಕತ್ತರಿಸಿರುತ್ತಿತ್ತು. ಹೀಗೆ ಮಿಕ್ಕಿಯ ಕೈಗವಸಿಗೆ ಬಣ್ಣ ತುಂಬುತ್ತಿದ್ದ ಕೈಗಳೂ ಕೈಗವಸು ತೊಟ್ಟಿದ್ದವು. ರಂಗೋಲಿ ಹಾಕುವವರಿಗೆ ಈ ಕೆಲಸದ ಕಷ್ಟ ಬೇಗ ಅರ್ಥವಾಗುತ್ತದೆ. ಒಂದು ಎಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗದಂತೆ, ಎಲ್ಲೂ ಕೈ ನಡುಗದಂತೆ ಒಂದೇ ಉಸಿರಿನಲ್ಲಿ ಎಳೆಯಬೇಕು. ನಮ್ಮದು ದಿನಕ್ಕೊಂದು ರಂಗೋಲಿ. ಅವರು ಬೆಳಗಿನಿಂದ ಸಂಜೆವರೆಗೆ ಹಾಳೆಯ ಮೇಲೆ ಹಾಳೆ ಎಳೆಯಬೇಕಿತ್ತು.

ಡಿಸ್ನಿ ಸ್ಟುಡಿಯೊದ ಈ 'ಇಂಕ್ ಅಂಡ್ ಪೇಂಟ್' ವಿಭಾಗದ ತುಂಬಾ ಹುಡುಗಿಯರೇ. ಗಂಡಸರು ತಮಾಷೆಗೆ ಅದನ್ನು ಸನ್ಯಾಸಿನಿಯರ ಮಠ ಎಂದು ಕರೆಯುತ್ತಿದ್ದರು. ವಾಲ್ಟ್ ಅವರ ಹೆಂಡತಿ ಲಿಲಿಯನ್ 1924ರಲ್ಲಿ ಸ್ಟುಡಿಯೊಕ್ಕೆ ಬಂದದ್ದೂ ಇದೇ ಕೆಲಸಕ್ಕೆ. ಇಲಿಗೆ 'ಮಾರ್ಟಿಮರ್' ಎಂಬ ಹೆಸರು ಬೇಡ, 'ಮಿಕ್ಕಿ' ಇರಲಿ ಎಂದವರು ಅವರೇ ಎನ್ನುತ್ತಾರೆ. ಮಿನ್ನಿಯ ದನಿಯೂ ಇದೇ ಕೋಣೆಯಿಂದ ಬಂತು. ಇಂಕ್ ಅಂಡ್ ಪೇಂಟ್‌ನಲ್ಲಿ ಕೆಲಸ ಮಾಡುತ್ತಿದ್ದ ಮಾರ್ಸೆಲೈಟ್ ಗಾರ್ನರ್ 1930ರ 'ದಿ ಕ್ಯಾಕ್ಟಸ್ ಕಿಡ್' ಚಿತ್ರದಲ್ಲಿ ಮಿನ್ನಿಗೆ ದನಿ ಕೊಟ್ಟರು. ಮುಂದೆ ಸುಮಾರು ಹತ್ತು ವರ್ಷ ಮಿನ್ನಿಯ ಕಿಲಕಿಲ ನಗು ಅವರದ್ದೇ. ಚಿತ್ರಗಳಲ್ಲಿ ಅವರ ಹೆಸರಿಲ್ಲ.

ಆ ಕೋಣೆಯಿಂದ ಮುಂದಕ್ಕೆ ದಾರಿ ಇರಲಿಲ್ಲವೇ? 1938ರಲ್ಲಿ ಆನಿಮೇಷನ್ ಕಲಿಯಬೇಕೆಂದು ಅರ್ಜಿ ಹಾಕಿದ ಒಬ್ಬ ಯುವತಿಗೆ ಡಿಸ್ನಿಯಿಂದ ಬಂದ ಉತ್ತರ ಈಗ ತುಂಬಾ ಪ್ರಸಿದ್ಧ. ಚಿತ್ರ ತಯಾರಿಯ ಸೃಜನಶೀಲ ಕೆಲಸವನ್ನು ಯುವಕರಷ್ಟೇ ಮಾಡುತ್ತಾರೆ, ಆದ್ದರಿಂದ ತರಬೇತಿ ಶಾಲೆಗೆ ಹುಡುಗಿಯರನ್ನು ಸೇರಿಸಿಕೊಳ್ಳುವುದಿಲ್ಲ, ಹೆಂಗಸರಿಗೆ ಇರುವುದು ಗೆರೆ ತಿದ್ದುವ, ಹಿಂಬದಿಗೆ ಬಣ್ಣ ತುಂಬುವ ಕೆಲಸ ಮಾತ್ರ ಎಂದು ಅದರಲ್ಲಿದೆ. ಪತ್ರದ ಹಾಳೆಯ ಮೇಲೆ ಅಲಂಕಾರಕ್ಕೆ ಸ್ನೋವೈಟ್ ಚಿತ್ರ. ಕೆಳಗೆ ಸಹಿ ಮಾಡಿದ್ದೂ ಒಬ್ಬ ಹೆಂಗಸೇ. ಈ ಪತ್ರದ ಪ್ರತಿಯನ್ನು ಇಂಟರ್ನೆಟ್‌ನಲ್ಲಿ ಮೊದಲ ಸಲ ನೋಡಿದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಅದರ ಸೌಜನ್ಯ ಕಂಡು ಆಶ್ಚರ್ಯವಾಯಿತು. ಎಷ್ಟು ಮೃದುವಾಗಿ, ಎಷ್ಟು ಖಚಿತವಾಗಿ ಬಾಗಿಲು ಹಾಕಿದ್ದಾರೆ!

ಆದರೂ ಬಾಗಿಲ ಸಂದಿಯಲ್ಲಿ ನುಗ್ಗಿದವರಿದ್ದಾರೆ. ರೆಟ್ಟಾ ಸ್ಕಾಟ್ ಅವರಲ್ಲೊಬ್ಬರು. ಡಿಸ್ನಿ ಚಿತ್ರದಲ್ಲಿ ಆನಿಮೇಟರ್ ಎಂದು ಹೆಸರು ಪಡೆದ ಮೊದಲ ಮಹಿಳೆ. ಚಿತ್ರ 1942ರ 'ಬ್ಯಾಂಬಿ'. ಹೆಂಗಸೆಂದರೆ ಮೊಲ, ಚಿಟ್ಟೆ, ಹೂವು ಬರೆದಿರಬೇಕು ಅಂದುಕೊಂಡಿರಾ? ಅವರು ಬರೆದದ್ದು ಜಿಂಕೆಯನ್ನು ಬಂಡೆಯಂಚಿಗೆ ಅಟ್ಟಿಸಿಕೊಂಡು ಹೋಗುವ ಬೇಟೆನಾಯಿಗಳ ಹಿಂಡನ್ನು. ಚಿಕ್ಕವಳಿದ್ದಾಗ ಆ ದೃಶ್ಯ ಬಂದರೆ ನಾನು ಅಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಸಂಬಳದ ವಿಷಯವನ್ನೂ ಹೇಳಬೇಕು. ದೊಡ್ಡ ಆನಿಮೇಟರ್‌ಗಳಿಗೆ ವಾರಕ್ಕೆ 200-300 ಡಾಲರ್ ಬರುತ್ತಿದ್ದ ಕಾಲದಲ್ಲಿ ಬಣ್ಣ ತುಂಬುವವರಿಗೆ ಇಪ್ಪತ್ತು ಡಾಲರೂ ಸಿಗುತ್ತಿರಲಿಲ್ಲ. 1941ರ ಮೇ ಕೊನೆಯಲ್ಲಿ ಡಿಸ್ನಿ ಸ್ಟುಡಿಯೊ ಮುಂದೆ ಮುಷ್ಕರ ಶುರುವಾದಾಗ ಇದೂ ಒಂದು ಕಾರಣವಾಗಿತ್ತು. ಫಲಕ ಹಿಡಿದು ಬೀದಿಯಲ್ಲಿ ನಿಂತವರಲ್ಲಿ ಈ ಹುಡುಗಿಯರೂ ಇದ್ದರು.

ಇದೆಲ್ಲ ಕ್ಯಾಲಿಫೋರ್ನಿಯಾದ ಕಥೆ. ಅಮೆರಿಕದ ಇನ್ನೊಂದು ತುದಿ ನ್ಯೂಯಾರ್ಕಿನಲ್ಲಿ ಡಿಸ್ನಿಗೆ ಸರಿಸಾಟಿಯಾಗಿದ್ದ ಫ್ಲೈಷರ್ ಸ್ಟುಡಿಯೊ ಇತ್ತು. ಅಲ್ಲಿನ ನಾಯಕಿ ಬೆಟ್ಟಿ ಬೂಪ್. ನನಗೆ ಎಲ್ಲ ಕಾರ್ಟೂನ್ ಪಾತ್ರಗಳಲ್ಲಿ ಹೆಚ್ಚು ಕುತೂಹಲ ಇವಳ ಮೇಲೆ. ಪುಣೆಯ ರಸ್ತೆಬದಿಯಲ್ಲಿ ಟೀ-ಶರ್ಟು, ಪರ್ಸುಗಳ ಮೇಲೆ ಇವತ್ತೂ ಸಿಗುತ್ತಾಳೆ. ಕೊಳ್ಳುವ ಹುಡುಗಿಯರಲ್ಲಿ ಅವಳ ಒಂದು ಚಿತ್ರವನ್ನಾದರೂ ನೋಡಿದವರು ಕಡಿಮೆ.

ಬೆಟ್ಟಿ ಮೊದಲು ಹೆಣ್ಣೇ ಆಗಿರಲಿಲ್ಲ, ನಾಯಿಯಾಗಿದ್ದಳು. 1930ರ ಆಗಸ್ಟಿನಲ್ಲಿ ಬಂದ 'ಡಿಝಿ ಡಿಶಸ್'ನಲ್ಲಿ ಗ್ರಿಮ್ ನಾಟ್‌ವಿಕ್ ಬರೆದ ಬೆಟ್ಟಿಗೆ ಪೂಡಲ್ ನಾಯಿಯ ಜೋಲುಕಿವಿಗಳಿದ್ದವು. ಬಿಂಬೊ ಎಂಬ ನಾಯಿ ಹೀರೊಗೆ ಜೋಡಿಯಾಗಿ ಹಾಡುವುದಷ್ಟೇ ಅವಳ ಕೆಲಸ. ಜನ ಹೀರೊನನ್ನು ಬಿಟ್ಟು ಅವಳನ್ನೇ ಮೆಚ್ಚಿದರು. 1932ರ ಹೊತ್ತಿಗೆ ನಾಯಿಕಿವಿಗಳು ದೊಡ್ಡ ರಿಂಗ್ ಓಲೆಗಳಾದವು, ಕಪ್ಪು ಮೂಗು ಹೋಗಿ ಪುಟ್ಟ ಗುಂಡಿಮೂಗು ಬಂತು, ಬೆಟ್ಟಿ ಹುಡುಗಿಯಾದಳು. ದೇಹಕ್ಕೆ ಹೋಲಿಸಿದರೆ ಮಗುವಿನಂತೆ ದೊಡ್ಡ ತಲೆ, ಹಣೆ ತುಂಬಾ ಗುಂಗುರು, ಮೊಣಕಾಲು ಮುಟ್ಟದ ಲಂಗ. ಕೆಲಸ ಮಾಡಿ ತಾನೇ ದುಡಿಯುತ್ತಾಳೆ. 1932ರದೇ ಒಂದು ಚಿತ್ರದಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೂ ನಿಲ್ಲುತ್ತಾಳೆ. ಮೇಲೆ ಬಿದ್ದು ಬರುವ ಧಣಿಯನ್ನು ತಳ್ಳಿ ಓಡುವ ಕಥೆಯೂ ಇದೆ. ಬೆಟ್ಟಿಯ ಚಿತ್ರಗಳನ್ನು ಬರೀ ಚೆಲ್ಲಾಟ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಗಂಡಸರು ಗಂಡಸರಿಗಾಗಿ ಬರೆದ ಹುಡುಗಿ ಅವಳು, ನಿಜ. ಆದರೂ ಆ ಕಾಲದ ದುಡಿಯುವ ಹುಡುಗಿಯರು ಎದುರಿಸುತ್ತಿದ್ದ ಅಪಾಯ ಅಲ್ಲಿ ಹಸಿಹಸಿಯಾಗಿ ಕಾಣುತ್ತದೆ.

ಅವಳ ಪಿಸುನಗೆಯ ದನಿ ಯಾರದ್ದು ಎಂಬ ಪ್ರಶ್ನೆ ಕೋರ್ಟಿಗೂ ಹೋಯಿತು. ಹೆಲೆನ್ ಕೇನ್ ಎಂಬ ಪ್ರಸಿದ್ಧ ಗಾಯಕಿ 1932ರಲ್ಲಿ, ಬೆಟ್ಟಿ ತನ್ನ ನಕಲು ಎಂದು ಎರಡೂವರೆ ಲಕ್ಷ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದಳು. 1934ರಲ್ಲಿ ವಿಚಾರಣೆ. ಬೆಟ್ಟಿಗೆ ದನಿ ಕೊಟ್ಟ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳಿದರು. ಆಮೇಲೆ ಫ್ಲೈಷರ್ ಕಡೆಯವರು ಹೊಸದೊಂದು ಹೆಸರು ತಂದರು: ಬೇಬಿ ಎಸ್ತರ್, ಅಂದರೆ ಎಸ್ತರ್ ಜೋನ್ಸ್ ಎಂಬ ಕಪ್ಪು ಬಾಲಗಾಯಕಿ. ಹಾಡಿನ ನಡುವೆ ಅರ್ಥವಿಲ್ಲದ ಉಲಿಗಳನ್ನು ಸೇರಿಸುವ ಶೈಲಿ ಅವಳದು, ಕೇನ್ 1928ರಲ್ಲಿ ಅವಳ ಕಾರ್ಯಕ್ರಮ ನೋಡಿದ್ದಳು ಎಂದು ಅವಳ ಮ್ಯಾನೇಜರ್ ಸಾಕ್ಷಿ ನುಡಿದ. ಕೇನ್ ಸೋತಳು. ಸ್ಟುಡಿಯೊ ಗೆದ್ದಿತು. ಯಾರ ಹೆಸರಿನ ಬಲದಿಂದ ಗೆದ್ದರೋ ಆ ಎಸ್ತರ್ ಕೋರ್ಟಿಗೆ ಬಂದಿರಲೂ ಇಲ್ಲ, ಅವಳಿಗೆ ಒಂದು ಕಾಸು ಸಿಗಲೂ ಇಲ್ಲ.

ಅದೇ 1934ರ ಜುಲೈನಲ್ಲಿ ಹಾಲಿವುಡ್ ತನ್ನ ನೀತಿ ಸಂಹಿತೆಯನ್ನು ಬಿಗಿಯಾಗಿ ಜಾರಿಗೆ ತಂದಿತು. ಬೆಟ್ಟಿಯ ಲಂಗ ಉದ್ದವಾಯಿತು, ಕುತ್ತಿಗೆ ಮುಚ್ಚಿತು, ಗುಂಗುರು ಕಡಿಮೆಯಾಯಿತು. ಪಡ್ಜಿ ಎಂಬ ನಾಯಿಮರಿ, ಗ್ರ್ಯಾಂಪಿ ಎಂಬ ತಾತ ಜೊತೆಗೆ ಬಂದರು. ಮನೆ ಗುಡಿಸುವ, ನಾಯಿಮರಿಗೆ ಬುದ್ಧಿ ಹೇಳುವ ಸಭ್ಯ ಹುಡುಗಿಯಾದಳು. ಅವಳ ಚಾಳಿಗಳೆಲ್ಲ ನಾಯಿಮರಿಗೂ ತಾತನಿಗೂ ಹಂಚಿಹೋದವು. 1939ಕ್ಕೆ ಅವಳ ಚಿತ್ರಗಳು ನಿಂತವು. ಇದೇ ಸ್ಟುಡಿಯೊದಲ್ಲಿ 1933ರಿಂದ ಲಿಲಿಯನ್ ಫ್ರೀಡ್‌ಮನ್ ಎಂಬಾಕೆ ಆನಿಮೇಟರ್ ಆಗಿದ್ದರು. ಅಮೆರಿಕದ ಸ್ಟುಡಿಯೊಗಳಲ್ಲಿ ಆ ಕೆಲಸಕ್ಕೇರಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಬೆಟ್ಟಿಯನ್ನೂ ಪಡ್ಜಿಯನ್ನೂ ಅವರು ಬರೆದಿದ್ದಾರೆ. ಆದರೆ ಹೆಸರು ಬಂದದ್ದು ಕೆಲವೇ ಚಿತ್ರಗಳಲ್ಲಿ.

1931ರಿಂದ ಬೆಟ್ಟಿಗೆ ಹೆಚ್ಚಾಗಿ ದನಿಯಾಗಿದ್ದ ಮೇ ಕ್ವೆಸ್ಟೆಲ್ ಅದೇ ಸ್ಟುಡಿಯೊದ ಪಾಪೈ ಚಿತ್ರಗಳಲ್ಲಿ ಆಲಿವ್ ಆಯಿಲ್‌ಗೂ ದನಿ ಕೊಟ್ಟರು. ಆಲಿವ್ ಪಾಪೈಗಿಂತ ಹಿರಿಯಳು! ಪತ್ರಿಕೆಯ ಕಾಮಿಕ್ಸ್‌ನಲ್ಲಿ ಅವಳು ಹುಟ್ಟಿದ್ದು 1919ರಲ್ಲಿ, ಪಾಪೈ ಬಂದದ್ದು 1929ರ ಜನವರಿಯಲ್ಲಿ. ಪಾಪೈ ಬಾಯೊಳಗೇ ಏನೋ ಗೊಣಗುತ್ತಾ ಇರುತ್ತಾನಲ್ಲ, ಅದಕ್ಕೂ ಕಾರಣವಿದೆ. ಫ್ಲೈಷರ್‌ನಲ್ಲಿ ಚಿತ್ರ ಮುಗಿದ ಮೇಲೆ ದನಿ ಸೇರಿಸುತ್ತಿದ್ದರು. ತುಟಿ ಅಲುಗದಿದ್ದ ಕಡೆಯೂ ಜ್ಯಾಕ್ ಮರ್ಸರ್ ತಮಗೆ ತೋಚಿದ್ದನ್ನು ಗೊಣಗಿ ತುಂಬಿಬಿಡುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಮರ್ಸರ್ ಹೋದಾಗ ಕೆಲವು ಚಿತ್ರಗಳಲ್ಲಿ ಪಾಪೈಯ ಆ ಗೊಗ್ಗರು ದನಿಯನ್ನೂ ಕೊಟ್ಟವರು ಮೇ ಕ್ವೆಸ್ಟೆಲ್. ಪಾಲಕ್ ತಿಂದು ತೋಳು ಉಬ್ಬಿಸಿದವನ ಗಂಟಲಲ್ಲಿ ಆಲಿವ್ ಕೂತಿದ್ದಳು ಎಂದು ಗೊತ್ತಾದ ಮೇಲೆ ನನಗೆ ಪಾಪೈ ಇನ್ನಷ್ಟು ಇಷ್ಟವಾದ.

ಇನ್ನು ನಮ್ಮ ತಲೆಮಾರು ಹೆಚ್ಚು ನೋಡಿದ 'ಟಾಮ್ ಅಂಡ್ ಜೆರ್ರಿ'ಗೆ ಬರೋಣ. ಭಾರತದಲ್ಲಿ 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದಾಗ ನಾನು ದಾವಣಗೆರೆಯಲ್ಲಿ ಸ್ಕೂಲಿಗೆ ಸೇರುವ ವಯಸ್ಸಿನವಳು. ಮಾತೇ ಇಲ್ಲದ ಕಾರಣ ಇಂಗ್ಲಿಷ್ ಬಾರದ ನಮ್ಮಜ್ಜಿಯೂ ಕೂತು ನೋಡುತ್ತಿದ್ದರು. 1940ರ ಮೊದಲ ಚಿತ್ರದಲ್ಲಿ ಟಾಮ್‌ನ ಹೆಸರು ಜಾಸ್ಪರ್. ಏಟು ಬಿದ್ದಾಗ ಅವನು ಕಿರುಚುವ ಕಿರುಚಾಟ ನಿರ್ದೇಶಕ ವಿಲಿಯಂ ಹ್ಯಾನಾ ಅವರದ್ದೇ. ಆದರೆ ಆ ಮನೆಯಲ್ಲಿ ಇನ್ನೊಬ್ಬಳಿದ್ದಳು, ನೆನಪಿದೆಯೇ? ಕಾಲು, ಚಪ್ಪಲಿ, ಏಪ್ರನ್, ಕೈಯಲ್ಲಿ ಪೊರಕೆ. ಮುಖವೇ ಇಲ್ಲ. ಅಜ್ಜಿ ಅವಳನ್ನು 'ಮನೆ ಯಜಮಾನಿ' ಅನ್ನುತ್ತಿದ್ದರು.

ಅವಳು 'ಮ್ಯಾಮಿ ಟೂ ಶೂಸ್', ಕಪ್ಪು ಮನೆಗೆಲಸದ ಹೆಂಗಸು. 1952ರವರೆಗೆ ಬಂದಳು. 1950ರ 'ಸ್ಯಾಟರ್‌ಡೇ ಈವ್ನಿಂಗ್ ಪುಸ್'ನಲ್ಲಿ ಓಡಿಬರುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಮುಖ ಕಾಣುತ್ತದೆ, ಅಷ್ಟೇ. ಬೆಕ್ಕು-ಇಲಿಗಳ ಕಣ್ಣಳತೆಯಲ್ಲಿ ಕಥೆ ಹೇಳಲು ಮುಖ ತೋರಿಸಿಲ್ಲ ಎಂಬ ವಿವರಣೆ ಇರಬಹುದು. ಆದರೆ ಅವಳ ಮಾತಿನ ಧಾಟಿ, ತೇಪೆ ಹಾಕಿದ ಕಾಲುಚೀಲ, ಎಲ್ಲವೂ ಆ ಕಾಲದ ಅಮೆರಿಕ ಕಪ್ಪು ಹೆಂಗಸರನ್ನು ಗೇಲಿ ಮಾಡುತ್ತಿದ್ದ ರೀತಿಯವೇ. ವಿರೋಧ ಬಂತು. ಅದಕ್ಕೆ ಪರಿಹಾರವಾಗಿ 1960ರ ದಶಕದಲ್ಲಿ ಟಿವಿಗಾಗಿ ಅವಳನ್ನು ತೆಗೆದು, ಆ ಜಾಗದಲ್ಲಿ ಬಿಳಿ ಹೆಂಗಸನ್ನು ಬರೆದರು. ಅವಳಿಗೆ ದನಿ ಕೊಟ್ಟ ಕಪ್ಪು ನಟಿ ಲಿಲಿಯನ್ ರ್‍ಯಾಂಡಾಲ್ಫ್ ಅವರ ಹೆಸರು ಮೊದಲೇ ಪರದೆಯಲ್ಲಿರಲಿಲ್ಲ, ಈಗ ದನಿಯೂ ಹೋಯಿತು. ತಪ್ಪನ್ನು ಸರಿಪಡಿಸುವ ಹೆಸರಿನಲ್ಲಿ ಅವಳನ್ನೇ ಅಳಿಸಿದರು.

ಬಿಳಿ ಹೆಂಗಸಿಗೆ ದನಿ ಕೊಟ್ಟವರು ಜೂನ್ ಫೋರೆ. ಟ್ವೀಟಿಯನ್ನು ಸಾಕುವ ಕೊಡೆ ಹಿಡಿದ ಅಜ್ಜಿ 1955ರಿಂದ ಅವರೇ, ವಿಚ್ ಹೇಝೆಲ್ ಅವರೇ, ಹಾರುವ ಅಳಿಲು ರಾಕಿಯೂ ಅವರೇ. ವಾರ್ನರ್ ಸ್ಟುಡಿಯೊದಲ್ಲಿ ಬಗ್ಸ್ ಬನ್ನಿಗೆ ದನಿಯಾದ ಮೆಲ್ ಬ್ಲಾಂಕ್ ಅವರ ಕರಾರಿನಿಂದಾಗಿ ದನಿಯ ಶ್ರೇಯ ಪರದೆಯ ಮೇಲೆ ಅವರೊಬ್ಬರಿಗೇ ಹೋಗುತ್ತಿತ್ತು. ಬಗ್ಸ್ ಬನ್ನಿ ಗಜ್ಜರಿ ಕಡಿಯುವ ಸದ್ದಿಗಾಗಿ ಬ್ಲಾಂಕ್ ಮೈಕ್ ಮುಂದೆ ನಿಜವಾದ ಗಜ್ಜರಿ ಕಡಿದು ಉಗುಳುತ್ತಿದ್ದರು ಎಂದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ನಿಂತು ಅಜ್ಜಿಯಾಗಿ ಮಾತಾಡಿದವರ ಹೆಸರು ತಿಳಿಯಲು ತುಂಬಾ ವರ್ಷ ಬೇಕಾಯಿತು. ಫೋರೆ 2017ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಟಿವಿ ಬಂದ ಮೇಲೆ ದುಡ್ಡು ಇನ್ನೂ ಕಡಿಮೆಯಾಯಿತು, ಚಾಳಿಗಳು ಇನ್ನೂ ಹೆಚ್ಚಾದವು. 1957ರಲ್ಲಿ ಸ್ವಂತ ಕಂಪನಿ ಕಟ್ಟಿದ ಹ್ಯಾನಾ ಮತ್ತು ಬಾರ್ಬೆರಾ ಯೋಗಿ ಕರಡಿಗೆ ಕಾಲರ್-ಟೈ ಕಟ್ಟಿದರು. ಕಾಡಿನ ಕರಡಿಗೆ ಟೈ ಯಾಕೆ? ಕಾಲರ್ ಇದ್ದರೆ ತಲೆ ಬೇರೆ, ಮೈ ಬೇರೆ ಹಾಳೆಯಲ್ಲಿ ಬರೆಯಬಹುದು. ಮೈಯನ್ನು ಹಾಗೇ ಇಟ್ಟು ತಲೆ ಮಾತ್ರ ಬದಲಿಸಿದರೆ ಮಾತಾಡಿದಂತೆ ಕಾಣುತ್ತದೆ, ಸೇರಿಸಿದ ಜಾಗ ಕಾಲರಿನಲ್ಲಿ ಮುಚ್ಚಿಹೋಗುತ್ತದೆ. ಒಮ್ಮೆ ಬರೆದ ಕೋಡನ್ನೇ ಮತ್ತೆ ಮತ್ತೆ ಬಳಸುವ ನಮ್ಮಂಥ ಸಾಫ್ಟ್‌ವೇರ್‌ನವರು ಆ ಟೈಗೆ ಕೈಮುಗಿಯಬೇಕು.

ಇಂಕಿನ ಕೋಣೆಗೆ ಪೆಟ್ಟು ಬಿದ್ದದ್ದೂ ಇದೇ ಸಮಯದಲ್ಲಿ. 1959ರ 'ಸ್ಲೀಪಿಂಗ್ ಬ್ಯೂಟಿ'ಗೆ ಸುರಿದ ಹಣ ಹಿಂದೆ ಬರಲಿಲ್ಲ. ಮುಂದಿನ ದೊಡ್ಡ ಚಿತ್ರದ ತುಂಬಾ ಚುಕ್ಕೆಯ ನಾಯಿಗಳು. 'ನೂರಾ ಒಂದು ಡಾಲ್ಮೇಷಿಯನ್ಸ್'ನಲ್ಲಿ ಒಟ್ಟು 64,69,952 ಚುಕ್ಕೆಗಳಿವೆ ಎಂಬುದು ಪ್ರಚಾರಕ್ಕೆ ಕೊಟ್ಟ ಲೆಕ್ಕ. ಅಷ್ಟನ್ನು ಕೈಯಲ್ಲಿ ತಿದ್ದಿಸುವ ಬದಲು ಅಬ್ ಐವರ್ಕ್ಸ್ ಜೆರಾಕ್ಸ್ ಯಂತ್ರವನ್ನು ಮಾರ್ಪಡಿಸಿ ಪೆನ್ಸಿಲ್ ಗೆರೆಯನ್ನು ನೇರ ಸೆಲ್ ಮೇಲೆ ಇಳಿಸುವಂತೆ ಮಾಡಿದರು. ಮಿಕ್ಕಿಯನ್ನು ಮೊದಲು ಬರೆದವರೂ ಇದೇ ಐವರ್ಕ್ಸ್. 1961ರಲ್ಲಿ ಚಿತ್ರ ಬಂತು, ಗೆದ್ದಿತು. ಗೆರೆಗಳು ಒರಟಾದವು, ಬಣ್ಣದ ಇಂಕಿನ ನಯ ಹೋಯಿತು. ಮೂವತ್ತು ವರ್ಷ ಎಳೆ ತಪ್ಪದೆ ಎಳೆದ ಕೈಗಳಿಗೆ ಕೆಲಸ ಉಳಿಯಲಿಲ್ಲ.

ಬಣ್ಣ ತುಂಬುವವರು ಇನ್ನೂ ಕೆಲವು ಕಾಲ ಉಳಿದರು. 1989ರ 'ದಿ ಲಿಟಲ್ ಮರ್‌ಮೇಡ್' ಡಿಸ್ನಿಯಲ್ಲಿ ಸೆಲ್ ಮೇಲೆ ಕೈಯಿಂದ ಬಣ್ಣ ತುಂಬಿದ ಕೊನೆಯ ದೊಡ್ಡ ಚಿತ್ರ. ಮರುವರ್ಷದಿಂದ ಪಿಕ್ಸರ್ ಜೊತೆ ಸೇರಿ ಮಾಡಿದ ಕಂಪ್ಯೂಟರ್ ವ್ಯವಸ್ಥೆಯೇ ಬಣ್ಣ ತುಂಬತೊಡಗಿತು. ಎಂಟೆಕ್‌ನಲ್ಲಿ ನಾನು ಓದಿದ್ದು ಇಮೇಜ್ ಪ್ರಾಸೆಸಿಂಗ್. 'ಫ್ಲಡ್ ಫಿಲ್' ಎಂಬ ಪ್ರೋಗ್ರಾಮ್ ಬರೆಯುವುದು ಅಲ್ಲಿ ಮೊದಲ ವಾರದ ಲ್ಯಾಬ್. ಗೆರೆಯೊಳಗೆ ಒಂದು ಕಡೆ ಕ್ಲಿಕ್ ಮಾಡಿದರೆ ಕಣ್ಣು ರೆಪ್ಪೆ ಬಡಿಯುವುದರೊಳಗೆ ಬಣ್ಣ ತುಂಬುತ್ತದೆ. ಗೆರೆಯಲ್ಲಿ ಒಂದೇ ಒಂದು ಪಿಕ್ಸೆಲ್ ತೆರೆದಿದ್ದರೆ ಬಣ್ಣ ಸೋರಿ ಇಡೀ ಪರದೆ ಕೆಂಪಾಗುತ್ತದೆ. ಆ ಗೆರೆ ಎಲ್ಲೂ ಬಿಡದಂತೆ ಮುಚ್ಚುವುದು ಎಷ್ಟು ದೊಡ್ಡ ಕೆಲಸ ಎಂದು ಆಗಲೇ ಗೊತ್ತಾದದ್ದು. ಈಗ ಚಿತ್ರವನ್ನೇ ಬರೆದುಕೊಡುವ ಸಾಫ್ಟ್‌ವೇರ್ ಬಂದಿದೆ. ಅದಕ್ಕೆ ಕಲಿಸಲು ಚಿತ್ರಗಳನ್ನು ಒಂದೊಂದಾಗಿ ಗುರುತು ಹಾಕುತ್ತಾ ಕೂತವರಿದ್ದಾರೆ, ಅವರ ಹೆಸರೂ ಎಲ್ಲೂ ಬರುವುದಿಲ್ಲ.

ಮೊನ್ನೆ ಭಾನುವಾರ ಮಗಳ ಜೊತೆ 'ದಿ ಲಿಟಲ್ ಮರ್‌ಮೇಡ್' ನೋಡಿದೆ. ಅದರ ಕೊನೆಯಲ್ಲಿ ಬಣ್ಣ ತುಂಬಿದವರ ಹೆಸರುಗಳೂ ಇವೆ, ಸಾಲು ಸಾಲಾಗಿ, ಬಹಳಷ್ಟು ಹೆಂಗಸರವು. ಟಿವಿ ಮೂಲೆಯಲ್ಲಿ 'ಮುಂದಿನ ಚಿತ್ರ' ಎಂಬ ಗುಂಡಿ ಮೂಡಿತು. ಒತ್ತಲು ಹೊರಟ ಮಗಳ ಕೈಯಿಂದ ರಿಮೋಟ್ ಇಸಿದುಕೊಂಡೆ. "ಅಮ್ಮಾ, ಸಿನಿಮಾ ಮುಗೀತಲ್ಲ" ಅಂದಳು. "ಇನ್ನೂ ಇಲ್ಲ ಪುಟ್ಟಿ, ತಡಿ" ಅಂದೆ.